ಸ್ಲೋ ಕುಕ್ಕರ್‌ನಲ್ಲಿ ಹಂದಿಮಾಂಸ: ಭಾನುವಾರ ಬೆಣ್ಣೆಯಂತೆ ಬೇಯುತ್ತದೆ, ಕೆಲಸದ ದಿನ ಕೈಕೊಡುತ್ತದೆ. ಏಕೆ?

ಹೊರಮಾವು_ಅಡುಗೆಮನೆ | ಮಂಗಳವಾರ, ರಾತ್ರಿ 9.40

ಅಳುವುದೊಂದು ಬಾಕಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟರೆ, ಹೊರವರ್ತುಲ ರಸ್ತೆಯನ್ನು ದಾಟಿಕೊಂಡು ಮರಳುವಾಗ 7 ಗಂಟೆ. ಮಕ್ಕಳಿಬ್ಬರೂ ಅಷ್ಟು ಹೊತ್ತಿಗೆ ಹಸಿದು ಕುಳಿತಿರುತ್ತಾರೆ. ಇದಕ್ಕಾಗಿಯೇ ಸ್ಲೋ ಕುಕ್ಕರ್ ಕೊಂಡೆ. ಬೆಳಿಗ್ಗೆ ತುಂಬಿಸಿಟ್ಟು ಹೋದರೆ ಸಂಜೆ ಹಂದಿಮಾಂಸದ ಸಾರು ಸಿದ್ಧವಾಗಿರಬೇಕು, ಅನ್ನವೊಂದನ್ನು ಮಾಡಿಕೊಂಡರೆ ಸಾಕು ಎಂಬುದು ನನ್ನ ಲೆಕ್ಕ.

ಭಾನುವಾರ ಮಾಡಿದಾಗ ಚಮಚೆ ತಾಗಿಸಿದರೆ ಬಿಡಿಸಿಕೊಳ್ಳುವಷ್ಟು ಮೆತ್ತಗಾಗಿತ್ತು. ಇಂದು ಅದೇ ಮಸಾಲೆ, ಅದೇ ಅಳತೆ, ಕಡಿಮೆ ಬಿಸಿಯ 'ಲೋ' ಆಯ್ಕೆಯಲ್ಲಿ 9 ಗಂಟೆ. ಮುಚ್ಚಳ ತೆಗೆದರೆ ಮಾಂಸದ ಒಳಗೆ ಇನ್ನೂ ಗುಲಾಬಿ ಬಣ್ಣ, ಆಲೂಗಡ್ಡೆ ಕಲ್ಲು. ಕುಕ್ಕರ್‌ನ ದೀಪ ಮಾತ್ರ ಉರಿಯುತ್ತಲೇ ಇತ್ತು. ಎಲ್ಲವನ್ನೂ ಪ್ರೆಷರ್ ಕುಕ್ಕರ್‌ಗೆ ಸುರಿದು, ಕೂಗಿಸಿ, 8.45ಕ್ಕೆ ಬಡಿಸಿದೆ. ಚಿಕ್ಕವನು ಅಷ್ಟರಲ್ಲಿ ಬಿಸ್ಕತ್ತು ತಿಂದು ಮಲಗಿದ್ದ. ಕುಕ್ಕರ್ ಕೆಟ್ಟಿದೆಯೇ? ದಯವಿಟ್ಟು ಹೇಳಿ.

ಮೂರು_ಕೂಗು | ಮಂಗಳವಾರ, ರಾತ್ರಿ 10.05

ಮೇಡಂ, ಉತ್ತರ ನಿಮ್ಮ ಬರಹದಲ್ಲೇ ಇದೆ. ಕೊನೆಗೆ ಕೆಲಸಕ್ಕೆ ಬಂದದ್ದು ಪ್ರೆಷರ್ ಕುಕ್ಕರ್. ಅದರೊಳಗೆ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. 9 ಗಂಟೆ ಕಾಯುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹೊಸ ಸಾಮಾನು ಏಕೆ?

ವೋಲ್ಟ್‌ಮೀಟರ್ | ಮಂಗಳವಾರ, ರಾತ್ರಿ 10.20

ಇದು ವೋಲ್ಟೇಜ್ ಸಮಸ್ಯೆ, ನನಗೆ ಅನುಮಾನವೇ ಇಲ್ಲ. ಬಿಸಿ ಮಾಡುವ ತಂತಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಶಕ್ತಿ ಸುಮಾರು ಶೇ. 61ಕ್ಕೆ ಬೀಳುತ್ತದೆ. 200 ವ್ಯಾಟ್‌ನ ಕುಕ್ಕರ್ 122 ವ್ಯಾಟ್‌ನಲ್ಲಿ ಏನು ಬೇಯಿಸೀತು? ಮಲ್ಟಿಮೀಟರ್ ಇದ್ದರೆ ಅಳೆದು ತಿಳಿಸಿ.

ಕಾಚಂಪುಳಿ_ಮನೆ | ಬುಧವಾರ, ಬೆಳಿಗ್ಗೆ 6.50

ಅಕ್ಕ, ಮೊದಲು ಯಾವ ಭಾಗದ ಮಾಂಸ ಎಂದು ಹೇಳಿ. ಭುಜವೇ, ತೊಡೆಯೇ, ಬೆನ್ನೇ? ತೊಗಲು, ಕೊಬ್ಬು ಇತ್ತೇ? ಅದು ತಿಳಿಯದೆ ಹಂದಿಮಾಂಸದ ಬಗ್ಗೆ ಒಂದು ಮಾತನ್ನೂ ಆಡಲಾಗದು.

ಹೊರಮಾವು_ಅಡುಗೆಮನೆ | ಬುಧವಾರ, ಮಧ್ಯಾಹ್ನ 1.15

ಭಾನುವಾರದ್ದು ಕುಕ್ ಟೌನ್ ಕಡೆಯ ಅಂಗಡಿಯಲ್ಲಿ ನಾನೇ ನಿಂತು ಕಡಿಸಿದ್ದು. ತೊಗಲು, ಕೊಬ್ಬು ಎರಡೂ ಇದ್ದವು. ವಾರದ ನಡುವೆ ಅಲ್ಲಿಗೆ ಹೋಗಲು ಬಿಡುವಿಲ್ಲ. ಮೊಬೈಲ್‌ನಲ್ಲಿ ಕೊಬ್ಬಿಲ್ಲದ, ಮೂಳೆಯಿಲ್ಲದ ತುಂಡು ತರಿಸುತ್ತೇನೆ. ಮಕ್ಕಳಿಗೆ ಅದೇ ಒಳ್ಳೆಯದು ಎಂದುಕೊಂಡಿದ್ದೆ. ಕಳೆದ ಗುರುವಾರವೂ ಅದನ್ನೇ ಹಾಕಿದ್ದೆ. ಅಂದು ಪೂರ್ತಿ ಬೆಂದಿತ್ತು, ಆದರೆ ಒಣಗಿದ ತೆಂಗಿನ ನಾರನ್ನು ಅಗಿದ ಹಾಗಿತ್ತು.

ವೋಲ್ಟ್‌ಮೀಟರ್ ಅವರೇ, ಮನೆಯವರು ಅಳೆದರು. 228 ಇದೆ. ಕುಕ್ಕರ್ ಇಲ್ಲಿಯೇ ಕೊಂಡದ್ದು, ತಳದಲ್ಲಿ 230 ಎಂದೇ ಬರೆದಿದೆ.

ಕಾಚಂಪುಳಿ_ಮನೆ | ಬುಧವಾರ, ಮಧ್ಯಾಹ್ನ 2.00

ಗುರುವಾರದ ಉತ್ತರ ಸಿಕ್ಕಿತು. ನೀವು ತರಿಸುತ್ತಿರುವುದು ಬೆನ್ನಿನ ಮಾಂಸ. ಹಂದಿ ಬೆನ್ನನ್ನು ಹೆಚ್ಚು ದುಡಿಸುವುದಿಲ್ಲ. ಅಲ್ಲಿ ಕೊಬ್ಬೂ ಕಡಿಮೆ, ಸ್ನಾಯುಗಳನ್ನು ಹಿಡಿದಿಡುವ ಕೊಲಾಜನ್ ಕೂಡ ಕಡಿಮೆ. ಭುಜದಲ್ಲಿ ಅದು ಧಾರಾಳ. 70 ಡಿಗ್ರಿ ದಾಟಿದ ಮೇಲೆ ಗಂಟೆಗಟ್ಟಲೆ ಇಟ್ಟರೆ ಅದು ಕರಗಿ ಜೆಲಟಿನ್ ಆಗುತ್ತದೆ, ಮಾಂಸ ಬಾಯಲ್ಲಿ ಜಾರುತ್ತದೆ. ಕರಗುವುದಕ್ಕೆ ಏನೂ ಇಲ್ಲದ ಬೆನ್ನಿನ ತುಂಡನ್ನು 9 ಗಂಟೆ ಬೇಯಿಸಿದರೆ ರಸವೆಲ್ಲ ಹೊರಗೆ ಬಂದು ನಾರು ಮಾತ್ರ ಉಳಿಯುತ್ತದೆ.

ಭುಜ ಕೇಳಿ ತನ್ನಿ, ತೊಗಲು ಬಿಡಿಸಬೇಡಿ. ಕೊಡಗಿನ ನಮ್ಮ ಮನೆಗಳಲ್ಲಿ ಪಂದಿ ಕರಿಗೆ ತೊಗಲು, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿರಬೇಕು. ಭಾನುವಾರವೇ ತಂದು ತುಂಡು ಮಾಡಿ, ಊಟಕ್ಕೆ ಬೇಕಾದಷ್ಟನ್ನೇ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡಿ. ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿದರೆ ಬೆಳಿಗ್ಗೆ ಮಂಜು ಬಿಟ್ಟಿರುತ್ತದೆ. ಹೆಪ್ಪುಗಟ್ಟಿದ ಮಾಂಸವನ್ನು ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕಲೇಬೇಡಿ.

ವೋಲ್ಟ್‌ಮೀಟರ್ | ಬುಧವಾರ, ಮಧ್ಯಾಹ್ನ 2.30

228 ಬಂದದ್ದು ಯಾವ ಹೊತ್ತಿನಲ್ಲಿ? ಬೆಳಿಗ್ಗೆ ಇಡೀ ಬಡಾವಣೆಯ ಗೀಸರ್‌ಗಳು ಓಡುವಾಗ ಅಳೆಯಿರಿ. ಯಂತ್ರವೇ ಬಿಸಿಯಾಗದಿದ್ದರೆ ಭುಜ ತಂದರೂ ಬೇಯುವುದಿಲ್ಲ.

ಬಫಾತ್_ಪುಡಿ | ಬುಧವಾರ, ಸಂಜೆ 4.10

ಭುಜದ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ನಾವು ಮಂಗಳೂರಿನವರು, ನಮ್ಮ ಹಂದಿಮಾಂಸದ ಅಡುಗೆ ಡುಕ್ರಾ ಮಾಸ್‌ಗೆ ಕೊಬ್ಬಿಲ್ಲದ ತುಂಡು ತಂದರೆ ನಮ್ಮ ಅಮ್ಮ ಅಂಗಡಿಗೆ ವಾಪಸು ಕಳುಹಿಸುತ್ತಿದ್ದರು. ನೀರು ಎಷ್ಟು ಹಾಕಿದ್ದಿರಿ? ಸ್ಲೋ ಕುಕ್ಕರ್‌ನಲ್ಲಿ ಆವಿ ಹೊರಗೆ ಹೋಗುವುದೇ ಕಡಿಮೆ. ಈರುಳ್ಳಿ, ಮಾಂಸ ಬಿಡುವ ನೀರೇ ಬಹಳ, ಮೇಲೆ ಕಾಲು ಲೋಟ ಸಾಕು. ಆಲೂಗಡ್ಡೆ ತಳದಲ್ಲಿ, ಮಾಂಸ ಮೇಲೆ ಇರಲಿ. ಈ ಪಾತ್ರೆಯಲ್ಲಿ ಗಡ್ಡೆ ತರಕಾರಿ ಮಾಂಸಕ್ಕಿಂತ ನಿಧಾನ. ನಮ್ಮ ಮಸಾಲೆ ಬಫಾತ್ ಪುಡಿ, ಹುಣಸೆ ರಸ, ವಿನೆಗರ್ ಎಲ್ಲವನ್ನೂ ಮೊದಲೇ ಹಾಕಿಬಿಡಿ, ಹುಳಿ ಮಾಂಸದೊಳಗೆ ಇಳಿಯುತ್ತದೆ.

ಕಾಚಂಪುಳಿ_ಮನೆ | ಬುಧವಾರ, ಸಂಜೆ 4.35

ಹುಳಿ ಮೊದಲು ಹಾಕುವುದೇ? ಬೇಡವೇ ಬೇಡ. ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ ಬೀಳಬೇಕಾದದ್ದು ಕೊನೆಗೆ, ಹುರಿದ ಮೆಣಸು ಜೀರಿಗೆ ಪುಡಿಯ ಜೊತೆ. ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಬೇಯುವುದು ಇನ್ನೂ ತಡ.

ಬಫಾತ್_ಪುಡಿ | ಬುಧವಾರ, ಸಂಜೆ 4.50

ನಿಮ್ಮದು ಕಾಡುಹುಳಿಯನ್ನು ಕುದಿಸಿ ಕಪ್ಪಾಗಿಸಿದ ಗಟ್ಟಿ ರಸ, ನಮ್ಮದು ವಿನೆಗರ್. ಎರಡಕ್ಕೂ ಒಂದೇ ನಿಯಮ ಹೇಳಬೇಡಿ. ನಮ್ಮಲ್ಲಿ ಮಾಂಸ ವಿನೆಗರ್‌ನಲ್ಲೇ ನೆನೆಯುತ್ತದೆ. ಮೂರು ತಲೆಮಾರಿನಿಂದ ಹಾಗೆಯೇ ಮಾಡಿದ್ದೇವೆ, ಮೆತ್ತಗಾಗದೆ ಇದ್ದದ್ದು ಒಮ್ಮೆಯೂ ಇಲ್ಲ.

ತಾರಸಿ_ಒಲೆ | ಬುಧವಾರ, ರಾತ್ರಿ 8.30

ಈ ಚರ್ಚೆ ಓದಿ ಸುಮ್ಮನಿರಲಾಗಲಿಲ್ಲ. ಹಳೆಯ ಎಣ್ಣೆ ಡ್ರಮ್ ಸುಟ್ಟು ಸ್ವಚ್ಛ ಮಾಡಿಸಿ, ತಾರಸಿಯಲ್ಲಿ ಹೊಗೆ ಒಲೆ ಕಟ್ಟಿದ್ದೇನೆ. ಎರಡು ಥರ್ಮಾಮೀಟರ್, ಗೇರು ಮರದ ಸೌದೆ. 3 ಕಿಲೋ ಭುಜಕ್ಕೆ 10 ಗಂಟೆ, 110 ಡಿಗ್ರಿ. ಒಳಗಿನ ಬಿಸಿ 93ಕ್ಕೆ ಬಂದಾಗ ಮೂಳೆ ತಾನಾಗಿಯೇ ಕಳಚಿ ಬರುತ್ತದೆ. ಅದರ ಮುಂದೆ ವಿದ್ಯುತ್ ಪಾತ್ರೆ ಏನೂ ಅಲ್ಲ. ಚಿತ್ರ ಬೇಕಾದವರು ಕೇಳಿ.

ಮೂರು_ಕೂಗು | ಬುಧವಾರ, ರಾತ್ರಿ 8.41

ಚಿತ್ರ ಹಾಕಿ. ಡ್ರಮ್ ಎಷ್ಟು ಲೀಟರ್‌ದು?

ಸಂಜೆ_ಪಾಳಿ | ಬುಧವಾರ, ರಾತ್ರಿ 11.20

ಹೊರಮಾವು ಅವರೇ, ಹುಳಿ, ಡ್ರಮ್ ಹಾಗಿರಲಿ. ನನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ. ನಿಮ್ಮ ಕುಕ್ಕರ್‌ನಲ್ಲಿರುವುದು ತಿರುಗಿಸುವ ಗುಂಡಿಯೇ, ಒತ್ತುವ ಬಟನ್‌ಗಳೇ? ಸಂಜೆ ನೋಡಿದಾಗ ದೀಪ ನಿಂತು ಉರಿಯುತ್ತಿತ್ತೇ, ಮಿನುಗುತ್ತಿತ್ತೇ? ಪಾತ್ರೆ ಮುಟ್ಟಿದಾಗ ಬಿಸಿಯಿತ್ತೇ? ಮಂಗಳವಾರ ಕರೆಂಟ್ ಹೋಗಿತ್ತೇ?

ಹೊರಮಾವು_ಅಡುಗೆಮನೆ | ಗುರುವಾರ, ಬೆಳಿಗ್ಗೆ 7.30

ಬಟನ್‌ಗಳು. ದೀಪ ಮಿನುಗುತ್ತಿತ್ತು, ಕೆಲಸ ಮುಗಿದ ಸೂಚನೆ ಎಂದುಕೊಂಡೆ. ಪಾತ್ರೆ ಬಿಸಿ ಇರಲಿಲ್ಲ, ಉಗುರುಬೆಚ್ಚಗೆ ಎನ್ನಲೂ ಆಗದು. ಅದನ್ನು ಮೊದಲೇ ಹೇಳಬೇಕಿತ್ತು. ಕರೆಂಟ್ ಹೋಗುವ ಪ್ರಶ್ನೆಯೇ ಇಲ್ಲ. ಅಪಾರ್ಟ್‌ಮೆಂಟ್‌ಗೆ ಪೂರ್ತಿ ಜನರೇಟರ್ ಇದೆ, ಅಡುಗೆಮನೆಯ ಪ್ಲಗ್‌ಗಳಿಗೂ ಬರುತ್ತದೆ.

ಸಂಜೆ_ಪಾಳಿ | ಗುರುವಾರ, ಬೆಳಿಗ್ಗೆ 7.52

ಜನರೇಟರ್ ಇದೆ ಎಂದರೆ ಕರೆಂಟ್ ಹೋಗುತ್ತದೆ ಎಂದೇ ಅರ್ಥ. ಲೈನ್ ಹೋಗಿ, ಎಂಜಿನ್ ಶುರುವಾಗಿ, ಮನೆಗೆ ವಿದ್ಯುತ್ ಮರಳುವ ನಡುವೆ ಕೆಲವು ಸೆಕೆಂಡು ಏನೂ ಇರುವುದಿಲ್ಲ. ಬಲ್ಬಿಗೆ, ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ, ತಾವೇ ಮತ್ತೆ ಶುರುವಾಗುತ್ತವೆ. ಬಟನ್ ಇರುವ ಹಲವು ಕುಕ್ಕರ್‌ಗಳು ಆ ಕ್ಷಣದಲ್ಲಿ ಹಾಕಿದ್ದ ಸಮಯವನ್ನೂ ಲೋ, ಹೈ ಆಯ್ಕೆಯನ್ನೂ ಮರೆತು, ಯಾರಾದರೂ ಬಟನ್ ಒತ್ತಲಿ ಎಂದು ದೀಪ ಮಿನುಗಿಸುತ್ತಾ ಕಾಯುತ್ತವೆ.

ಪರೀಕ್ಷೆ ಸುಲಭ. ಅರ್ಧ ಪಾತ್ರೆ ನೀರು ಹಾಕಿ ಲೋ ಒತ್ತಿ. ಹತ್ತು ನಿಮಿಷ ಬಿಟ್ಟು ಗೋಡೆಯ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿ. ಇನ್ನೊಂದು ಕೆಲಸ: ಜನರೇಟರ್ ಓಡಿದ ಸಮಯವನ್ನು ಬರೆದಿಡುವ ಪುಸ್ತಕ ನಿಮ್ಮ ಕಾವಲುಗಾರರ ಬಳಿ ಇರಬಹುದು. ಮಂಗಳವಾರದ ಪುಟ ನೋಡಿ.

ವೋಲ್ಟ್‌ಮೀಟರ್ | ಗುರುವಾರ, ಬೆಳಿಗ್ಗೆ 9.05

ಜನರೇಟರ್‌ನ ವೋಲ್ಟೇಜ್ ಅಳೆದಿದ್ದೀರಾ? ಹೊರೆ ಹೆಚ್ಚಾದಾಗ ಅಲ್ಲಿಯೂ ಇಳಿಯಬಹುದು.

ಹೊರಮಾವು_ಅಡುಗೆಮನೆ | ಗುರುವಾರ, ರಾತ್ರಿ 8.15

ಸಂಜೆ ಪಾಳಿ ಅವರಿಗೆ ಹೇಗೆ ಧನ್ಯವಾದ ಹೇಳಲಿ! ಹತ್ತು ಎಣಿಸಿ ಸ್ವಿಚ್ ಹಾಕಿದೆ, ದೀಪ ಮಿನುಗಿತು. ಮಂಗಳವಾರ ಕಂಡ ಅದೇ ಮಿನುಗು. ಕಾಲು ಗಂಟೆ ಕಾದೆ, ಬಿಸಿಯಾಗಲಿಲ್ಲ. ಪುಸ್ತಕವನ್ನೂ ನೋಡಿದೆ. ಮಂಗಳವಾರ ಬೆಳಿಗ್ಗೆ 10.50ರಿಂದ 12.15ರವರೆಗೆ ಜನರೇಟರ್ ಓಡಿದೆ. ಭಾನುವಾರವೂ ಕಳೆದ ಗುರುವಾರವೂ ಓಡಿಲ್ಲ. ನಾನು 8ಕ್ಕೆ ಒತ್ತಿ ಹೋದದ್ದು ಮೂರು ಗಂಟೆಯೂ ತುಂಬದೆ ನಿಂತುಹೋಗಿದೆ!

ಸಂಜೆ_ಪಾಳಿ | ಗುರುವಾರ, ರಾತ್ರಿ 8.40

ಕಾರಣ ಸಿಕ್ಕಿದ್ದು ಸಂತೋಷ. ಆದರೆ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಮಂಗಳವಾರದ ಮಾಂಸ ಎಂಟು ಗಂಟೆ ಹಾಗೇ ಆರುತ್ತಾ ಕುಳಿತಿತ್ತು. 5ರಿಂದ 60 ಡಿಗ್ರಿಯ ನಡುವೆ ಮಾಂಸ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಪ್ರೆಷರ್ ಕುಕ್ಕರ್‌ನಲ್ಲಿ ಮತ್ತೆ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಸ್ಟ್ಯಾಫಿಲೊಕಾಕಸ್ ಬೆಳೆಯುವಾಗ ಬಿಡುವ ವಿಷ ಅಷ್ಟು ಬಿಸಿಗೂ ಪೂರ್ತಿ ಹಾಳಾಗದಿರಬಹುದು. ಇನ್ನು ಮುಂದೆ ಹಾಗಾದರೆ ಎಷ್ಟೇ ನೋವಾದರೂ ಚೆಲ್ಲಿ. ಮಕ್ಕಳು ಹುಷಾರಾಗಿದ್ದಾರೆಯೇ?

ಹೊರಮಾವು_ಅಡುಗೆಮನೆ | ಗುರುವಾರ, ರಾತ್ರಿ 8.52

ಓದಿ ಕೈ ನಡುಗಿತು. ದೇವರ ದಯೆ, ಎಲ್ಲರೂ ಚೆನ್ನಾಗಿದ್ದಾರೆ.

ಮೂರು_ಕೂಗು | ಗುರುವಾರ, ರಾತ್ರಿ 9.10

ಅರೆಬೆಂದ ಹಂದಿಮಾಂಸ ತಿಂದರೆ ಮಿದುಳಿಗೆ ಹುಳು ಹೋಗುತ್ತದೆ, ಅದನ್ನೂ ಹೇಳಿ.

ಸಂಜೆ_ಪಾಳಿ | ಗುರುವಾರ, ರಾತ್ರಿ 9.30

ಅದು ಅರ್ಧ ಸತ್ಯ, ಮಕ್ಕಳ ತಾಯಿಯನ್ನು ಹೆದರಿಸಬೇಡಿ. ಲಾಡಿಹುಳುವಿನ ಮರಿಗೂಡು ಇರುವ ಮಾಂಸವನ್ನು ಅರೆಬೇಯಿಸಿ ತಿಂದರೆ ಹುಳು ಬೆಳೆಯುವುದು ಕರುಳಿನಲ್ಲಿ. ಮಿದುಳಿಗೆ ತೊಂದರೆ ಬರುವುದು ಅದರ ಮೊಟ್ಟೆಗಳಿಂದ. ಅವು ಸೋಂಕಿರುವ ಮನುಷ್ಯನ ಮಲದಿಂದ ಕೈ, ನೀರು, ತೊಳೆಯದ ಹಸಿ ಸೊಪ್ಪಿನ ಮೂಲಕ ಬಾಯಿ ಸೇರುತ್ತವೆ. ಹಂದಿಮಾಂಸ ಮುಟ್ಟದವರಿಗೂ ಆ ಕಾಯಿಲೆ ಬರಬಹುದು. ಮಂಗಳವಾರದ ಮಾಂಸವನ್ನು ಪ್ರೆಷರ್ ಕುಕ್ಕರ್‌ನಲ್ಲಿ ಪೂರ್ತಿ ಬೇಯಿಸಿದ್ದಾರೆ, ಹುಳುವಿನ ಭಯ ಬೇಡ.

ಕಾಚಂಪುಳಿ_ಮನೆ | ಗುರುವಾರ, ರಾತ್ರಿ 9.45

ಹಾಗಾದರೆ ಎರಡು ಬೇರೆ ಬೇರೆ ಸಮಸ್ಯೆಗಳಿದ್ದವು. ಗುರುವಾರದ್ದು ಬೆನ್ನಿನ ಮಾಂಸದ್ದು, ಮಂಗಳವಾರದ್ದು ಕರೆಂಟಿನದು. ಅಕ್ಕ, ಗುಂಡಿ ತಿರುಗಿಸುವ ಸಾದಾ ಕುಕ್ಕರ್‌ಗೆ ಬದಲಿಸಿಕೊಳ್ಳಿ. ಕರೆಂಟ್ ಹೋಗಿ ಬಂದರೂ ಗುಂಡಿ ಲೋನಲ್ಲೇ ನಿಂತಿರುತ್ತದೆ, ಕೆಲಸ ಮುಂದುವರಿಯುತ್ತದೆ. ನಮ್ಮ ಮನೆಯಲ್ಲಿ ಇರುವುದು ಅದೇ.

ಹೊರಮಾವು_ಅಡುಗೆಮನೆ | ಮುಂದಿನ ಬುಧವಾರ, ರಾತ್ರಿ 8.05

ಗುಂಡಿಯ ಕುಕ್ಕರ್ ಬಂದಿದೆ. 4.5 ಲೀಟರ್ ಪಾತ್ರೆಗೆ 1.2 ಕಿಲೋ ಭುಜ, ತೊಗಲು ಸಮೇತ. ಮೂರು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಪುಡಿ, ಕಾಲು ಲೋಟ ನೀರು, ತಳದಲ್ಲಿ ಆಲೂಗಡ್ಡೆ. ಪಾತ್ರೆಯನ್ನು ಫ್ರಿಜ್‌ನಲ್ಲಿಡದೆ, ಹೆಚ್ಚಿದ್ದನ್ನು ಮಾತ್ರ ರಾತ್ರಿ ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದೆ. ಬೆಳಿಗ್ಗೆ ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಜನರೇಟರ್ ಓಡಿತ್ತಂತೆ. 7.10ಕ್ಕೆ ಮುಚ್ಚಳ ತೆಗೆದಾಗ ಹಬೆಯಾಡುತ್ತಿತ್ತು! ಮೇಲಿನ ಕೊಬ್ಬನ್ನು ಸೌಟಿನಿಂದ ತೆಗೆದು, ಹುರಿದ ಮೆಣಸಿನ ಪುಡಿಯನ್ನೂ ಒಂದೂವರೆ ಚಮಚೆ ಕಾಚಂಪುಳಿಯನ್ನೂ ಹಾಕಿ ಹತ್ತು ನಿಮಿಷ ಬಿಟ್ಟೆ. 7.30ಕ್ಕೆ ನಾಲ್ವರೂ ಒಟ್ಟಿಗೆ ಕುಳಿತು ಉಂಡೆವು. ಚಿಕ್ಕವನು ಎರಡನೆಯ ಬಾರಿ ಅನ್ನ ಹಾಕಿಸಿಕೊಂಡ.

ಬಫಾತ್_ಪುಡಿ | ಬುಧವಾರ, ರಾತ್ರಿ 8.20

ಬಹಳ ಸಂತೋಷ. ಮುಂದಿನ ವಾರ ವಿನೆಗರ್ ಮೊದಲೇ ಹಾಕಿ ಒಮ್ಮೆ ಮಾಡಿ ನೋಡಿ.

ಬಸವನಗುಡಿ_ಬಾಣಲೆ | ಬುಧವಾರ, ರಾತ್ರಿ 10.00

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಹಳೆಯ ಸ್ವಂತ ಮನೆ, ಜನರೇಟರ್ ಇಲ್ಲ. ಇನ್ವರ್ಟರ್ ಇರುವುದು ದೀಪ, ಫ್ಯಾನಿಗೆ ಮಾತ್ರ. ಗುಂಡಿಯ ಕುಕ್ಕರ್ ಇದ್ದರೂ ನಾನಿಲ್ಲದಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯುವುದು ಹೇಗೆ? ಹತ್ತು ನಿಮಿಷವೋ, ಮೂರು ಗಂಟೆಯೋ? ಸಂಜೆ ಪಾತ್ರೆ ಬಿಸಿಯಾಗಿಯೇ ಇರುತ್ತದೆ.

ಸಂಜೆ_ಪಾಳಿ | ಬುಧವಾರ, ರಾತ್ರಿ 10.25

ಮುಳ್ಳಿನ ಬದಲು ಚಕ್ರ ತಿರುಗುವ, 24 ಗಂಟೆಯ ಟೈಮರ್ ಪ್ಲಗ್ ಸಿಗುತ್ತದೆ. ಬ್ಯಾಟರಿ ಇಲ್ಲದ್ದನ್ನೇ ಕೊಳ್ಳಿ. ಅದನ್ನು ಸದಾ ಆನ್ ಇರುವಂತೆ ಇಟ್ಟು, ಅದರ ಮೂಲಕ ಕುಕ್ಕರ್ ಜೋಡಿಸಿ. ಬೆಳಿಗ್ಗೆ ಚಕ್ರವನ್ನು ಗಡಿಯಾರಕ್ಕೆ ಹೊಂದಿಸಿ ಹೋಗಿ. ಕರೆಂಟ್ ಇಲ್ಲದಷ್ಟು ಹೊತ್ತು ಚಕ್ರವೂ ನಿಲ್ಲುತ್ತದೆ. ಸಂಜೆ ಅದು ಎಷ್ಟು ಹಿಂದಿದೆಯೋ ಒಟ್ಟು ಅಷ್ಟು ಹೊತ್ತು ಕರೆಂಟ್ ಇರಲಿಲ್ಲ. ಎರಡು ಗಂಟೆ ದಾಟಿದ್ದರೆ ರುಚಿ ನೋಡಲೂ ಹೋಗಬೇಡಿ.

ವೋಲ್ಟ್‌ಮೀಟರ್ | ಬುಧವಾರ, ರಾತ್ರಿ 10.40

ಬಸವನಗುಡಿ ಅವರೇ, ಹಳೆಯ ಮನೆ ಎಂದಿರಿ. ವೋಲ್ಟೇಜ್ ಅಳೆದಿದ್ದೀರಾ?