ಬಾತ್‌ಟಬ್ ಡ್ರೇನ್ ಸೋರುತ್ತಿದೆ, ಟೈಲ್ಸ್ ಹಚ್ಚುವ ಮೊದಲು ಏನು ಮಾಡಬೇಕು?

ಟಿಳಕವಾಡಿ, ಬೆಳಗಾವಿ (ಕೇಳಿದವರು):
ಹಳೆ ಮನೆ, ಮೇಲಿನ ಮಹಡಿಯ ಬಚ್ಚಲು ಒಡೆದು ಹೊಸದು ಮಾಡಿಸುತ್ತಿದ್ದೇವೆ. ಅಪ್ಪಾರಿಗೆ ಬೆನ್ನುನೋವು, ಬಿಸಿನೀರಲ್ಲಿ ಕೂಡಲಿ ಅಂತ ಅಕ್ರಿಲಿಕ್ ಟಬ್ ತಂದೆವು. ನೀರು ಬಿಟ್ಟು ನೋಡಿದರೆ ಕೆಳಗೆ ಹನಿ ಹನಿ ಸೋರುತ್ತಿದೆ. ಪ್ಲಂಬರ್ ಸಿಲಿಕಾನ್ ಅಂಟು ಬಳಿದರೆ ಮುಗೀತು ಅಂತಾನೆ. ಗೌಂಡಿ ನಾಳೆಯೇ ಸುತ್ತ ಕಟ್ಟೆ ಕಟ್ಟಿ ಟೈಲ್ಸ್ ಹಚ್ಚುತ್ತೇನೆ ಅಂತಾನೆ. ಗೊತ್ತಿದ್ದವರು ಹೇಳ್ರಿ.

ನವನಗರ, ಬಾಗಲಕೋಟೆ:
ಮೊದಲು ಗೌಂಡಿಯನ್ನು ನಿಲ್ಲಿಸಿ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದೆ ಸಿಲಿಕಾನ್ ಬಳಿಯೋದು ಸುಮ್ನೆ ದುಡ್ಡು ದಂಡ.

ಟಬ್ಬಿನ ಕೆಳಗೆ ಒಣಗಿದ ಪೇಪರ್ ಹಾಸಿ, ತೂತಿಗೆ ಬಿರಡೆ ಹಾಕಿ, ಅರ್ಧ ನೀರು ತುಂಬಿ ಹಾಗೇ ಬಿಡಿ. ನಿಂತ ನೀರಿಗೇ ಪೇಪರ್ ಒದ್ದೆಯಾದರೆ ತಪ್ಪು ವೇಸ್ಟ್ ಕಪ್ಲಿಂಗ್ (ನೀರು ಹೋಗುವ ತೂತಿಗೆ ಕೂರಿಸಿ ಕೆಳಗಿನ ಪೈಪಿಗೆ ಜೋಡಿಸುವ ಭಾಗ) ಕೂತ ಜಾಗದಲ್ಲಿದೆ, ಅಂದರೆ ರಬ್ಬರ್ ವಾಷರ್ ತಿರುಚಿದೆ ಇಲ್ಲವೇ ಅಂಚಿನಲ್ಲಿ ಸಿಮೆಂಟಿನ ಕಸ ಸಿಕ್ಕಿದೆ. ಬಿರಡೆ ತೆಗೆದು ನೀರು ಹರಿದಾಗ ಮಾತ್ರ ಒದ್ದೆಯಾದರೆ ಕೆಳಗಿನ ಪೈಪ್ ಜೋಡಣೆ ನೋಡಿ. ಓವರ್‌ಫ್ಲೋ ತೂತಿನ (ಟಬ್ಬಿನ ಮೇಲ್ಭಾಗದಲ್ಲಿ ಹೆಚ್ಚಾದ ನೀರು ಹೋಗುವ ತೂತು) ತನಕ ತುಂಬಿದಾಗ ಮಾತ್ರ ಬಂದರೆ ಅದರ ಹಿಂದಿನ ವಾಷರ್. ಇದೂ ಬಿಟ್ಟು ಇನ್ನೊಂದು ಇದೆ, ಇದನ್ನು ಯಾರೂ ನೋಡೋದಿಲ್ಲ: ಬರೀ ನೀರು ತುಂಬಿದ ಟಬ್ ಸೋರೋದಿಲ್ಲ, ಆದರೆ ಮನುಷ್ಯ ಒಳಗೆ ಕೂತಾಗ ಸೋರುತ್ತದೆ. 200 ಲೀಟರ್ ನೀರು ಅಂದರೆ 200 ಕೆಜಿ, ಮೇಲೆ ನಿಮ್ಮ ಅಪ್ಪಾರ ತೂಕ. ತಳಕ್ಕೆ ಸರಿಯಾದ ಆಧಾರ ಇಲ್ಲದಿದ್ದರೆ ಅಕ್ರಿಲಿಕ್ ಬಾಗುತ್ತದೆ, ಜೋಡಣೆ ಸಡಿಲಾಗುತ್ತದೆ. ಹಾಗಾಗಿ ಒಬ್ಬರನ್ನು ಕೂರಿಸಿಯೇ ಪರೀಕ್ಷೆ ಮಾಡಿ.

ಕಪ್ಲಿಂಗ್‌ದೇ ತಪ್ಪಾದರೆ ಪೂರ್ತಿ ಬಿಚ್ಚಿ, ಒರೆಸಿ ಒಣಗಿಸಿ, ಹೊಸ ವಾಷರ್ ಹಾಕಿ. ಮೇಲಿನ ಅಂಚಿನ ಕೆಳಗೆ ಸಿಲಿಕಾನ್ ತೆಳ್ಳಗೆ ಒಂದು ಸುತ್ತು. ಪ್ಲಂಬರ್ ಪುಟ್ಟಿ ಬೇಡ, ಎಣ್ಣೆ ಇರುವ ಪುಟ್ಟಿಯಿಂದ ಅಕ್ರಿಲಿಕ್ ಹಾಳಾಗುತ್ತದೆ. ನಟ್ ಕೈಯಿಂದ ಬಿಗಿದು ಆಮೇಲೆ ಪಾನಾದಿಂದ ಸ್ವಲ್ಪ ಅಷ್ಟೇ, ಜಾಸ್ತಿ ಬಿಗಿದರೆ ವಾಷರ್ ಹೊರಗೆ ಜಾರುತ್ತದೆ. 24 ತಾಸು ನೀರು ಮುಟ್ಟಿಸಬೇಡಿ.

ವಿಜಯಪುರ:
ಮೇಲಿನವರು ಹೇಳಿದ್ದು ಸರಿ. ಸುಕ್ಕು ಸುಕ್ಕು ಪೈಪನ್ನು ನಹಾನಿ ಟ್ರ್ಯಾಪ್ (ಬಚ್ಚಲು ನೆಲದಲ್ಲಿ ನೀರು ಹೋಗುವ ಜಾಲಿಯ ಕೆಳಗಿನ ಕುಣಿ) ಬಾಯಿಗೆ ಸುಮ್ನೆ ತುರುಕಿ ಬಿಟ್ಟಿದ್ದಾರಾ ನೋಡ್ರಿ. ಟಬ್ಬಿನ ನೀರು ಒಮ್ಮೆಲೇ ಬಂದಾಗ ಅಲ್ಲಿಂದ ಉಕ್ಕಿ ಹೊರಗೆ ಬರುತ್ತದೆ, ನಾವು ಡ್ರೇನ್ ಸೋರುತ್ತಿದೆ ಅಂತ ಅಂದ್ಕೊಳ್ತೀವಿ. ಅದನ್ನು ತೆಗೆಸಿ ಪಿವಿಸಿ ಪೈಪ್ ಹಾಕಿಸಿ, ಒಂದು ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಕೊಡಿಸಿ. ಬೋರ್‌ವೆಲ್ ನೀರಾದರೆ ಹಳೆ ವೇಸ್ಟ್ ಕಪ್ಲಿಂಗ್ ಮತ್ತೆ ಹಾಕಲೇಬೇಡಿ, ಬಿಳಿ ಉಪ್ಪು ಕಟ್ಟಿಕೊಂಡು ವಾಷರ್ ಸಮನಾಗಿ ಕೂಡೋದೇ ಇಲ್ಲ.

ಶಹಾಪುರ, ಬೆಳಗಾವಿ:
ನಮ್ಮ ಊರಿನ ಮಳೆಗಾಲದಲ್ಲಿ ಕೆಳಗಿನ ಕೋಣೆಯ ಸ್ಲ್ಯಾಬ್ ಒದ್ದೆಯಾದರೆ ಟಬ್ಬಿನ ನೀರೋ, ಗೋಡೆ ಹೀರಿಕೊಂಡ ಮಳೆ ನೀರೋ ತಿಳಿಯೋದಿಲ್ಲ. ಶಿರಾಕ್ಕೆ ಹಾಕುವ ಕೇಸರಿ ಬಣ್ಣ ಒಂದು ಚಿಟಿಕೆ ಟಬ್ಬಿನ ನೀರಿಗೆ ಹಾಕಿ. ಕೆಳಗೆ ಬಣ್ಣ ಬಂತಾ, ಟಬ್ಬಿನದೇ. ಬರಲಿಲ್ಲ ಅಂದರೆ ಇನ್ನೆರಡು ದಿನ ಕಾದು ನೋಡಿ, ನೀರು ಸ್ಲ್ಯಾಬ್ ಇಳಿಯಲು ಹೊತ್ತು ಹಿಡಿಯುತ್ತದೆ.

ಟಬ್ಬಿನ ಕೆಳಗಿನ ನೆಲಕ್ಕೂ ವಾಟರ್‌ಪ್ರೂಫಿಂಗ್ ಆಗಿದೆಯಾ ಕೇಳಿ. ಟಬ್ ಬರುತ್ತಲ್ಲ ಅಂತ ಆ ಜಾಗ ಬಿಡುತ್ತಾರೆ, ಅಲ್ಲೇ ಬೇಕಾಗಿರೋದು. ಮತ್ತೆ ಕಟ್ಟೆ ಪೂರ್ತಿ ಮುಚ್ಚಿಸಬೇಡಿ. ಡ್ರೇನ್ ಕಡೆ ಕೈ ಮತ್ತು ಪಾನಾ ಹೋಗುವಷ್ಟು ಕಿಂಡಿ ಬಿಡಿಸಿ, ಟೈಲ್ ಅಂಟಿಸಿದ ಬಾಗಿಲು ಇಡಿಸಿ. ಚೆಂದ ಕಾಣೋದಿಲ್ಲ ಅಂತ ಗೌಂಡಿ ಗೊಣಗುತ್ತಾನೆ, ಗೊಣಗಲಿ. ನಾಳೆ ವಾಷರ್ ಹೋದರೆ ಕಟ್ಟೆ ಒಡೆಯೋರು ನೀವು, ಅವನಲ್ಲ.

ಟಿಳಕವಾಡಿ (ಕೇಳಿದವರು):
ಪೇಪರ್ ಹಾಸಿ ನೋಡಿದೆ. ನಿಂತ ನೀರಿಗೆ ಒಣಗೇ ಇತ್ತು, ತಮ್ಮನನ್ನು ಕೂರಿಸಿದ ಕೂಡಲೇ ಕಪ್ಲಿಂಗ್ ಕೆಳಗೆ ಒದ್ದೆ. ತಳದ ಆಧಾರದ್ದೇ ತಪ್ಪು ಅನ್ನಿಸುತ್ತದೆ. ಕಾಲುಗಳ ಕೆಳಗೆ ಚೂರು ಟೈಲ್ಸ್ ಇಟ್ಟು ಎತ್ತರಿಸಿದ್ದಾರೆ, ಒಂದು ಅಲ್ಲಾಡುತ್ತಿದೆ. ಗೌಂಡಿಗೆ ನಾಳೆ ಬರಬೇಡ ಅಂತ ಹೇಳಿದೆ.