ದಂಡ ಕಟ್ಟಿ ಆಯ್ತು, ಲೈಸೆನ್ಸ್ ಇನ್ನೂ ಅಮಾನತಿನಲ್ಲೇ ಇದೆ. ಇನ್ಶೂರೆನ್ಸ್ ಏನು ಮಾಡೋದು?

ಬನವಾಸಿ ರೋಡ್:
ಕಾರು ಕೆಎ-31, ಲೈಸೆನ್ಸೂ ಶಿರಸಿಯದ್ದೇ. ಕುಮಟಾ ಕಡೆ ಎರಡು, ಗೋವಾದಲ್ಲಿ ಒಂದು ಚಲನ್ ಕಟ್ಟದೇ ಉಳಿದಿತ್ತು. ಅದರಲ್ಲೊಂದು ಗಾಡಿ ಓಡಿಸುತ್ತ ಮೊಬೈಲ್ ಹಿಡಿದದ್ದಕ್ಕೆ. ಈಗ ಮೂರು ತಿಂಗಳ ಅಮಾನತು ಆದೇಶ ಬಂದಿದೆ. ನಿನ್ನೆ ಮೂರೂ ಚಲನ್ ಆನ್‌ಲೈನ್‌ನಲ್ಲಿ ಕಟ್ಟಿದೆ, ಆದರೂ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಲ್ಲಿ ಲೈಸೆನ್ಸ್ ಅಮಾನತು ಅಂತಲೇ ತೋರಿಸ್ತಿದೆ. ಪಾಲಿಸಿ ಇದೇ 28ಕ್ಕೆ ಮುಗೀತದೆ. ಲೈಸೆನ್ಸ್ ಇಲ್ಲದೆ ರಿನ್ಯೂ ಆಗ್ತದಾ? ಅಷ್ಟರವರೆಗೆ ಹೆಂಡತಿ ಓಡಿಸಬಹುದಾ? ಅವಳ ಲೈಸೆನ್ಸ್ ಸರಿ ಇದೆ.

ದೇವಿಮನೆ ತಿರುವು:
ಚಲನ್ ಬೇರೆ, ಅಮಾನತು ಬೇರೆ ಮಾರಾಯ್ರೆ. ಚಲನ್ ಕಟ್ಟಿದರೆ ಪೊಲೀಸ್ ಅಥವಾ ಕೋರ್ಟಿನ ಲೆಕ್ಕ ಮುಗೀತು ಅಷ್ಟೇ. ಲೈಸೆನ್ಸ್ ಅಮಾನತು ಮಾಡುವುದು ಆರ್‌ಟಿಓ, ಮೋಟಾರು ವಾಹನ ಕಾಯ್ದೆ 19ನೇ ಸೆಕ್ಷನ್ ಅಡಿ. ಅದು ದಂಡ ಬಾಕಿ ಇಟ್ಟದ್ದಕ್ಕಿಂತ ಹೆಚ್ಚಾಗಿ ತಪ್ಪು ಏನು ಅನ್ನೋದರ ಮೇಲೆ ನಿಂತಿರ್ತದೆ. ಕೇಂದ್ರ ಮೋಟಾರು ವಾಹನ ನಿಯಮ 21ರ ಪಟ್ಟಿಯಲ್ಲಿ ಚಾಲನೆ ವೇಳೆ ಮೊಬೈಲ್ ಬಳಕೆಯೂ ಇದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಅತಿವೇಗ, ಸಿಗ್ನಲ್ ಜಂಪ್, ಮೊಬೈಲ್, ಕುಡಿದು ಚಾಲನೆಗೆ ಕನಿಷ್ಠ ಮೂರು ತಿಂಗಳ ಅಮಾನತು ಎಂದು ಸೂಚಿಸಿತ್ತು. ನಿಮ್ಮ ಮೂರು ತಿಂಗಳು ಬಹುತೇಕ ಅಲ್ಲಿಂದ ಬಂದದ್ದು.

ಮೊದಲು ಆದೇಶದ ಹಾಳೆಯನ್ನು ಸರಿಯಾಗಿ ಓದಿ. ನಾಲ್ಕು ಸಂಗತಿ ಬೇಕು: ಯಾವ ಸೆಕ್ಷನ್, ಯಾವ ಚಲನ್ ನಂಬರ್, ಎಂದಿನಿಂದ ಎಂದಿನವರೆಗೆ, ರಿಫ್ರೆಷರ್ ತರಬೇತಿ ಹೇಳಿದ್ದಾರಾ. ಲೈಸೆನ್ಸ್ ಕಾರ್ಡ್ ಇನ್ನೂ ಕೈಯಲ್ಲೇ ಇದ್ದರೆ ಆದೇಶ ಮಾಡಿದ ಕಚೇರಿಗೆ ತಕ್ಷಣ ಒಪ್ಪಿಸಿ, ದಿನಾಂಕ ಇರುವ ಸ್ವೀಕೃತಿ ತಗೊಳ್ಳಿ. ಕಾರ್ಡ್ ಕೊಡದೆ ಅವಧಿ ಮುಗಿಯಲಿ ಅಂತ ಮನೆಯಲ್ಲಿಟ್ಟುಕೊಂಡು ಕೂತವರಿಗೇ ಕೊನೆಯಲ್ಲಿ ತಕರಾರು.

ಅವಧಿ ಮುಗಿದ ಮೇಲೆ ಆದೇಶದ ಪ್ರತಿ, ಸ್ವೀಕೃತಿ, ಚಲನ್ ರಸೀದಿ, ತರಬೇತಿ ಹೇಳಿದ್ದರೆ ಅದರ ಪ್ರಮಾಣಪತ್ರ, ಒಂದು ಸಾದಾ ಅರ್ಜಿ ಸೇರಿಸಿ ಕೊಡಿ. ಕಾರ್ಡ್ ಕೈಗೆ ಬಂತು ಅಂತ ಅಲ್ಲಿಗೇ ಬಿಡಬೇಡಿ. ಪರಿವಾಹನ್‌ನ ಲೈಸೆನ್ಸ್ ವಿಭಾಗವಾದ ಸಾರಥಿಯಲ್ಲಿ ಸ್ಥಿತಿ ಬದಲಾಗಿದೆಯಾ ಅಂತ ಕೌಂಟರ್ ಎದುರೇ ನಿಂತು ಮೊಬೈಲ್‌ನಲ್ಲಿ ನೋಡಿ. ಆದೇಶವೇ ತಪ್ಪು ಅನಿಸಿದರೆ ಮೇಲ್ಮನವಿಗೆ 30 ದಿನ, ಆದೇಶ ಕೈಗೆ ಬಂದ ದಿನದಿಂದ ಲೆಕ್ಕ.

ಕೋಡಿಬಾಗ:
ಇನ್ಶೂರೆನ್ಸ್ ಭಾಗ ನಾನು ಹೇಳ್ತೇನೆ. ಪಾಲಿಸಿ ಇರುವುದು ಗಾಡಿಗೆ, ಅದರ ನೋಂದಾಯಿತ ಮಾಲೀಕನ ಹೆಸರಲ್ಲಿ. ಲೈಸೆನ್ಸ್ ಅಮಾನತಾದರೆ ಪಾಲಿಸಿ ರದ್ದಾಗುವುದಿಲ್ಲ, ರಿನ್ಯೂವಲ್ಲೂ ನಿಲ್ಲುವುದಿಲ್ಲ. 28ರ ಒಳಗೇ ಮಾಡಿ. ಒಂದು ದಿನ ತಪ್ಪಿದರೂ ಕಾಂಪ್ರಹೆನ್ಸಿವ್‌ಗೆ ಗಾಡಿ ಇನ್‌ಸ್ಪೆಕ್ಷನ್ ಆಗಬೇಕು, 90 ದಿನ ದಾಟಿದರೆ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪೂರ್ತಿ ಹೋಯಿತು. 50% ತಲುಪಿದವರು ಮತ್ತೆ ಸೊನ್ನೆಯಿಂದ ಏರಬೇಕು. ಬರೀ ಥರ್ಡ್ ಪಾರ್ಟಿ ಸಾಕು ಎನ್ನುವವರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ 1000 ಸಿಸಿವರೆಗೆ 2094 ರೂ., 1000ದಿಂದ 1500 ಸಿಸಿಗೆ 3416 ರೂ., ಜಿಎಸ್‌ಟಿ ಬೇರೆ. ಗಾಡಿ ಅಂಗಳದಲ್ಲೇ ನಿಂತಿರ್ತದೆ ಅಂತ ಪಾಲಿಸಿ ಬಿಟ್ಟರೆ ಉಳಿಯುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ.

ಹೆಂಡತಿ ಧಾರಾಳವಾಗಿ ಓಡಿಸಬಹುದು. ಪಾಲಿಸಿಯ ಚಾಲಕರ ಕಲಂ ಕೇಳುವುದು ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವರ ಲೈಸೆನ್ಸ್ ಚಾಲ್ತಿಯಲ್ಲಿತ್ತಾ, ಅನರ್ಹರಾಗಿರಲಿಲ್ಲವಾ ಅಂತ. ಅವರ ಹೆಸರು ಪಾಲಿಸಿಯಲ್ಲಿ ಇರಬೇಕೆಂದಿಲ್ಲ.

ಒಂದು ಕಡೆ ಹುಷಾರು. ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೆ ಮಾಲೀಕನ ಚಾಲ್ತಿ ಲೈಸೆನ್ಸೇ ಶರತ್ತು. ರಿನ್ಯೂವಲ್ ಫಾರ್ಮಿನಲ್ಲಿ ‘ಚಾಲ್ತಿ ಲೈಸೆನ್ಸ್ ಇದೆ’ ಎಂಬಲ್ಲಿ ಸುಮ್ಮನೆ ಟಿಕ್ ಹಾಕಬೇಡಿ. ಏಜೆಂಟ್ ಹಾಕ್ತಾನೆ, ಕ್ಲೇಮ್ ಬಂದ ದಿನ ಸಹಿ ನಿಮ್ಮದು.

ಬನವಾಸಿ ರೋಡ್:
ಸರಿ. ರಾತ್ರಿ ತುರ್ತಿಗೆ ಆಸ್ಪತ್ರೆವರೆಗೆ ಅಂತ ನಾನೇ ಓಡಿಸಿದರೆ?

ಕೋಡಿಬಾಗ:
ಬೇಡ. ಅಮಾನತಿನಲ್ಲಿ ಓಡಿಸಿದರೆ 182ನೇ ಸೆಕ್ಷನ್, 10,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕಿಂತ ಭಾರ ಇನ್ಶೂರೆನ್ಸಿನದ್ದು. ನಿಮ್ಮ ಕಾರಿನ ರಿಪೇರಿ ಕ್ಲೇಮ್ ತಿರಸ್ಕಾರ. ಎದುರಿನವರಿಗೆ ಪೆಟ್ಟಾದರೆ ಕೋರ್ಟ್ ಕಂಪನಿಯಿಂದ ಪರಿಹಾರ ಕೊಡಿಸಿ, ಆ ಹಣ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅನ್ನಬಹುದು. ಲಕ್ಷಗಟ್ಟಲೆ ಆದರೆ ತೋಟ ಮಾರುವ ಲೆಕ್ಕ. ಮೂರು ತಿಂಗಳು ಪಕ್ಕದ ಮನೆಯವರ ಡ್ರೈವರ್ ನಂಬರ್ ಫ್ರಿಜ್ ಮೇಲೆ ಅಂಟಿಸಿಟ್ಟುಕೊಳ್ಳಿ.

ಮಾಜಾಳಿ ಗಡಿ:
ಗೋವಾದ್ದು ನಿಜಕ್ಕೂ ಕಟ್ಟಿ ಆಯ್ತಾ ಅಂತ ಇನ್ನೊಮ್ಮೆ ನೋಡಿ. ಗೋವಾ ಗಡಿಯ ಪೋಳೆ ದಾಟಿದ ಮೇಲಿನ ಚಲನ್ ಪರಿವಾಹನ್‌ನ ಇ-ಚಲನ್‌ನಲ್ಲಿ ಕಾಣ್ತದೆ. ನಮ್ಮ ಪೊಲೀಸರದ್ದು ಕೆಲವೊಮ್ಮೆ ಕರ್ನಾಟಕ ಒನ್‌ನಲ್ಲಿ ಮಾತ್ರ ಸಿಗ್ತದೆ, ಎರಡೂ ಕಡೆ ಗಾಡಿ ನಂಬರ್ ಹಾಕಿ. ಚಲನ್ ಹಳೆಯದಾಗಿ ಕೋರ್ಟಿಗೆ ಹೋಗಿದ್ದರೆ ವರ್ಚುವಲ್ ಕೋರ್ಟ್ ಪುಟದಲ್ಲೇ ಕಟ್ಟಬೇಕು. ಹಣ ಖಾತೆಯಿಂದ ಕಡಿತವಾಗಿಯೂ ‘ಬಾಕಿ’ ಅಂತಲೇ ಬಂದರೆ ಮತ್ತೆ ಕಟ್ಟಬೇಡಿ, ವಹಿವಾಟಿನ ಸಂಖ್ಯೆ ಇಟ್ಟುಕೊಂಡು ಎರಡು-ಮೂರು ದಿನ ಕಾಯಿರಿ. ಬಾಕಿ ಉಳಿದರೆ ಮುಂದೆ ಗಾಡಿ ಮಾರುವಾಗ ವರ್ಗಾವಣೆಗೆ, ಎನ್‌ಓಸಿಗೆ ಅಡ್ಡ ಬರ್ತದೆ.

ಫೋಟೋದಲ್ಲಿ ನಿಮ್ಮ ಗಾಡಿಯೇ ಅಲ್ಲದಿದ್ದರೆ ಕಟ್ಟುವ ಮುಂಚೆ ದೂರು ಹಾಕಬೇಕಿತ್ತು. ಕಟ್ಟಿದ ಮೇಲೆ ತಪ್ಪು ಒಪ್ಪಿಕೊಂಡಂತೆ.

ದೇವಿಮನೆ ತಿರುವು:
ಸೇರಿಸಲು ಒಂದು. ಲೈಸೆನ್ಸಿನ ಅವಧಿಯೇ ಈ ಮೂರು ತಿಂಗಳ ನಡುವೆ ಮುಗಿಯುವುದಾದರೆ ದಿನಾಂಕ ನೋಡಿಟ್ಟುಕೊಳ್ಳಿ. 2019ರ ತಿದ್ದುಪಡಿಯಲ್ಲಿ ಹಳೆಯ 30 ದಿನದ ರಿಯಾಯಿತಿ ಹೋಯಿತು, ಮುಗಿದ ಮರುದಿನದಿಂದಲೇ ಲೈಸೆನ್ಸ್ ಇಲ್ಲ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟ್ರ್ಯಾಕಿನಲ್ಲಿ ಪರೀಕ್ಷೆ. 40 ದಾಟಿದವರಿಗೆ ವೈದ್ಯರ ಫಾರ್ಮ್ 1ಎ ಬೇಕು.

ಹಾಗೇ ಆರ್‌ಸಿಗೂ ಲೈಸೆನ್ಸಿಗೂ ಈಗಿನ ಮೊಬೈಲ್ ನಂಬರ್ ಜೋಡಿಸಿ. ನೋಟಿಸ್ ಬರಲೇ ಇಲ್ಲ ಎನ್ನುವವರಲ್ಲಿ ಬಹಳ ಜನರ ಆರ್‌ಸಿಯಲ್ಲಿ ಗಾಡಿ ಕೊಂಡಾಗ ಶೋರೂಮಿನವರು ಹಾಕಿದ ನಂಬರೇ ಇರ್ತದೆ.