ಬ್ಯಾಟರಿ ಹೊಸದು, ಆಲ್ಟರ್ನೇಟರೂ ಹೊಸದು, ಆದರೂ ಚಾರ್ಜ್ ಆಗುತ್ತಿಲ್ಲ

ಪ್ರಶ್ನೆ: ಸರ್, ಕಾರು 25 ವರ್ಷ ಹಳೆಯದು. ಮೊದಲು ಬ್ಯಾಟರಿ ಬದಲಾಯಿಸಿದೆ, ಆಮೇಲೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್. ಆದರೂ ರಾತ್ರಿ ಹೆಡ್‌ಲೈಟ್ ಹಾಕಿ ಓಡಿಸಿದರೆ ಬೆಳಗ್ಗೆ ಸೆಲ್ಫ್ ಎಳೆಯುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 12.9 ವೋಲ್ಟ್ ಇದೆ. ಗ್ಯಾರೇಜಿನವರು ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು, "ಎಂಜಿನ್ ಆಫ್ ಆಗಲಿಲ್ಲ, ಚಾರ್ಜಿಂಗ್ ಸರಿ ಇದೆ" ಅಂದರು. ಇನ್ನೇನು ಬದಲಾಯಿಸಲಿ?

ಉತ್ತರ, ಆಟೋ ಎಲೆಕ್ಟ್ರಿಷಿಯನ್: ಸದ್ಯಕ್ಕೆ ಏನೂ ಬೇಡ. ಆದರೆ ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕೀಳಲು ಇನ್ನು ಯಾರಿಗೂ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಹೊಸ ಆಲ್ಟರ್ನೇಟರಿನ ಡಯೋಡೇ ಸುಟ್ಟುಹೋಗಬಹುದು. ಎಂಜಿನ್ ನಿಲ್ಲಲಿಲ್ಲ ಅಂದರೆ ಕರೆಂಟ್ ಒಂದಿಷ್ಟು ಹುಟ್ಟುತ್ತಿದೆ, ಅಷ್ಟೇ. ಬ್ಯಾಟರಿಗೆ ಎಷ್ಟು ತಲುಪುತ್ತಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ಇರಬೇಕು. ಬೆಲ್ಟ್ ಬಿಗಿ ಇದೆಯಾ ನೋಡಿ. ಆಮೇಲೆ ಹೆಡ್‌ಲೈಟ್, ಬ್ಲೋವರ್ ಹಾಕಿ, ಎಂಜಿನ್ ಸ್ವಲ್ಪ ರೇಸ್ ಮಾಡಿಸಿ. ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ. ಮತ್ತೆ ಒಂದು ಆಲ್ಟರ್ನೇಟರಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋಗುವ ವೋಲ್ಟ್, ಎರಡೂ ಕಡೆ 0.2 ದಾಟಬಾರದು. ಲೈಟ್ ಹಾಕದೆ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬೆಲ್ಟ್, ಫ್ಯಾನಿನ ಹತ್ತಿರ ಕೈ, ವೈರ್ ಜೋಪಾನ.

ಪ್ರಶ್ನೆ: ಅಳೆದೆ ಸರ್. ಪ್ಲಸ್ ಕಡೆ 0.1. ಮೈನಸ್ ಕಡೆ 1.1!

ಉತ್ತರ: ಸಿಕ್ಕಿತು ನೋಡಿ. ಆಲ್ಟರ್ನೇಟರ್ 14.1 ಕೊಡುತ್ತಿದೆ, ದಾರಿಯಲ್ಲೇ 1.2 ಹೋಗುತ್ತಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ ಅಲ್ವಾ? ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಅದು ಬ್ಯಾಟರಿಗೆ ವಾಪಸ್ ಬರಬೇಕಾದರೆ ಎಂಜಿನ್ನನ್ನು ಕಾರಿನ ಲೋಹದ ಮೈಗೆ ಜೋಡಿಸುವ ಹೆಣೆದ ತಂತಿಯ ಅರ್ಥ್ ಪಟ್ಟಿಯೇ ಗತಿ. ಹಳೆ ಗಾಡಿಯಲ್ಲಿ ನಾನು ಮೊದಲು ಕೈ ಹಾಕುವುದೇ ಅಲ್ಲಿಗೆ. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಪಟ್ಟಿಯ ಎರಡೂ ಬೋಲ್ಟ್ ಬಿಚ್ಚಿ.

ಪ್ರಶ್ನೆ: ಮೇಲಿಂದ ಚೆನ್ನಾಗಿತ್ತು. ಬೋಲ್ಟ್ ತೆಗೆದರೆ ಅಡಿಯಲ್ಲಿ ಹಸಿರು ಪುಡಿ, ತುಕ್ಕು. ಅರ್ಧ ಎಳೆಗಳು ಕೈಗೇ ಬಂದವು. ಹೊಸ ಪಟ್ಟಿ ಹಾಕಿ, ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿದೆ. ಈಗ ಬ್ಯಾಟರಿಯಲ್ಲಿ 14.0!

ಉತ್ತರ: ತುಂಬಾ ಖುಷಿಯಾಯಿತು. ಬೋಲ್ಟ್ ಬಿಗಿ ಮಾಡಿ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಬ್ಯಾಟರಿ ಇಷ್ಟು ದಿನ ಅರೆಹೊಟ್ಟೆಯಲ್ಲಿತ್ತು, ಒಮ್ಮೆ ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ನೋಡಿದರೆ 12.6ರ ಆಸುಪಾಸು ಇರಬೇಕು. ಒಂದೇ ರಾತ್ರಿಯಲ್ಲಿ ಜಾಸ್ತಿ ಇಳಿದರೆ ಮತ್ತೆ ಬರೆಯಿರಿ, ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಒಂದೊಂದೇ ಫ್ಯೂಸ್ ತೆಗೆದು ಹುಡುಕೋಣ.